ಎರಕದ ಗುಂಡು, ಕೈಯಾರೆ ತುಂಬಿದ ತೋಟಾ

ಒಂದು ಸಲಕ್ಕೆ ಒಂದೇ ತೋಟಾ ಹಿಡಿಯುವ, 0.45 ಇಂಚು ಅಥವಾ ಅದಕ್ಕಿಂತ ಅಗಲದ ನಳಿಗೆಯ ರೈಫಲ್‌ಗಳು ಅಮೆರಿಕದ ಸೈನ್ಯದಲ್ಲಿ 19ನೆಯ ಶತಮಾನದ ಕೊನೆಯ ದಶಕದಲ್ಲೇ ಹಿಂದೆ ಸರಿದವು. ಗುರಿಮೈದಾನದಲ್ಲಿ ಮತ್ತು ಬೇಟೆಯಲ್ಲಿ ಮಾತ್ರ ಅವು ಉಳಿದುಕೊಂಡವು. ಸೀಸವನ್ನು ಮನೆಯಲ್ಲೇ ಕರಗಿಸಿ ಗುಂಡು ಎರೆಯುವ, ಹಾರಿಸಿದ ಹಿತ್ತಾಳೆ ಕೋಶಕ್ಕೆ ಹೊಸ ಕೇಪು, ಮದ್ದು, ಗುಂಡು ಕೂಡಿಸಿ ಮತ್ತೆ ತೋಟಾ ಮಾಡಿಕೊಳ್ಳುವ ಪದ್ಧತಿಯೂ ಅವುಗಳ ಜೊತೆಗೇ ಉಳಿಯಿತು. ಇಂದು ಅದಕ್ಕೆ ತನ್ನದೇ ಅಚ್ಚು ತಯಾರಕರು, ಸ್ಪರ್ಧೆಗಳು, ಕೈಪಿಡಿಗಳು ಇವೆ. 1976ರಲ್ಲಿ ಹುಟ್ಟಿದ ಕಾಸ್ಟ್ ಬುಲೆಟ್ ಅಸೋಸಿಯೇಷನ್ ಇದೆ, ಅದರ ‘ದಿ ಫೌಲಿಂಗ್ ಶಾಟ್’ ಪತ್ರಿಕೆ ಇದೆ. ಈ ಎಲ್ಲ ಬರವಣಿಗೆಯ ಬಹುಪಾಲು ಸುತ್ತುವುದು ಒಂದೇ ಪ್ರಶ್ನೆಯನ್ನು: ಯಾವ ಬಂದೂಕಿಗೆ ಯಾವ ಗುಂಡು, ಎಷ್ಟು ಮದ್ದು? ಉತ್ತರ ಹುಡುಕುವವರಲ್ಲಿ ಹೆಚ್ಚಿನವರು ಮದ್ದಿನಿಂದ ಹೊರಟು ವೇಗಕ್ಕೆ ಬರುತ್ತಾರೆ, ಅಲ್ಲಿಂದ ಗುಂಡಿನ ಗಡಸುತನಕ್ಕೆ ಹೋಗುತ್ತಾರೆ. ಗುಂಡು ನಳಿಗೆಗೆ ಸರಿಯಾಗಿ ಕೂರುತ್ತದೆಯೇ ಎಂದು ಅಳೆದು ನೋಡುವುದು ಎಲ್ಲಕ್ಕಿಂತ ಕೊನೆಗೆ, ಅದೂ ಗುರಿ ಕೆಟ್ಟ ಮೇಲೆ. ಈ ಬಂದೂಕುಗಳ ಮಟ್ಟಿಗೆ ಕ್ರಮ ಪೂರ್ತಿ ತಿರುಗುಮುರುಗಾಗಬೇಕು. ಅಳತೆ ಮೊದಲು, ಮಿಶ್ರಲೋಹ ಆಮೇಲೆ, ಗುಂಡಿನ ತೂಕ ಮತ್ತು ನಳಿಗೆಯ ಗೀರುಗಳ ಸುರುಳಿ ಅದರ ನಂತರ. ಮದ್ದಿನ ಸರದಿ ಕೊನೆಯದು.

ಬಂದೂಕುಗಳ ಪರಿಚಯ ಚಿಕ್ಕದಾಗಿ ಸಾಕು. 1848ರಲ್ಲಿ ಕ್ರಿಶ್ಚಿಯನ್ ಶಾರ್ಪ್ಸ್ ಪೇಟೆಂಟ್ ಪಡೆದ ವಿನ್ಯಾಸದಲ್ಲಿ ಕೆಳಗಿನ ಸನ್ನೆಯನ್ನು ಎಳೆದರೆ ಉಕ್ಕಿನ ಗಟ್ಟಿಯೊಂದು ಕೆಳಕ್ಕೆ ಜಾರಿ ನಳಿಗೆಯ ಹಿಂಬದಿ ತೆರೆದುಕೊಳ್ಳುತ್ತದೆ. ರೆಮಿಂಗ್ಟನ್ನಿನದರಲ್ಲಿ ಆ ಗಟ್ಟಿ ಹಿಂದಕ್ಕೆ ಉರುಳುತ್ತದೆ. ಸರ್ಕಾರಿ ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ 1873ರ ರೈಫಲ್ಲಿನಲ್ಲಿ ಮುಚ್ಚಳ ಮೇಲಕ್ಕೆ ಏಳುತ್ತದೆ. ಜಾನ್ ಬ್ರೌನಿಂಗ್ 1879ರಲ್ಲಿ ಪೇಟೆಂಟ್ ಮಾಡಿಸಿದ್ದನ್ನು ವಿಂಚೆಸ್ಟರ್ ಕಂಪನಿ ಕೊಂಡು 1885ರಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಇಂದಿನ ರೂಗರ್ ನಂಬರ್ 1 ರೈಫಲ್, ಮೊಂಟಾನಾದ ಬಿಗ್ ಟಿಂಬರ್ ಊರಿನಲ್ಲಿ ತಯಾರಾಗುವ ಶಾರ್ಪ್ಸ್ ಪ್ರತಿಕೃತಿಗಳು, ಇಟಲಿಯ ಪೆಡೆರ್ಸೋಲಿ ಮಾದರಿಗಳು ಇವೆಲ್ಲ ಇದೇ ಕುಲದವು. ಇವುಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ತೋಟಾ .45-70. ಹೆಸರಲ್ಲೇ ಅದರ ಲೆಕ್ಕವಿದೆ: 0.45 ಇಂಚಿನ ಗುಂಡು, 70 ಗ್ರೇನ್ ಕರಿಮದ್ದು. ಮೊದಲಿಗೆ ಸೈನ್ಯ ಬಳಸಿದ ಗುಂಡು 405 ಗ್ರೇನ್, ಅಂದರೆ ಸುಮಾರು 26 ಗ್ರಾಂ. ಅದು ಸೆಕೆಂಡಿಗೆ ಸುಮಾರು 400 ಮೀಟರ್ ವೇಗದಲ್ಲಿ ಹೊರಡುತ್ತಿತ್ತು. ಆ ಕಾಲದ ಈ ಸಾಧಾರಣ ಅಂಕಿ ಇಂದಿಗೂ ಈ ಪದ್ಧತಿಯ ಅತ್ಯುತ್ತಮ ಕೆಲಸದ ಆಸುಪಾಸಿನಲ್ಲೇ ಇದೆ ಎಂಬುದು ಗಮನಿಸಬೇಕಾದ ಸಂಗತಿ.

ಒಂದೇ ತೋಟಾದ ಬಂದೂಕು ಗುಂಡನ್ನು ಆರಿಸುವವನಿಗೆ ಎರಡು ಸ್ವಾತಂತ್ರ್ಯ ಕೊಡುತ್ತದೆ. ಮ್ಯಾಗಜೀನ್ ಇಲ್ಲವಾದ್ದರಿಂದ ತೋಟಾದ ಒಟ್ಟು ಉದ್ದಕ್ಕೆ ಮಿತಿಯಿಲ್ಲ; ಗುಂಡನ್ನು ಕೋಶದಿಂದ ಬೇಕಾದಷ್ಟು ಹೊರಗೆ ಕೂರಿಸಿ, ಅದರ ಹೆಗಲು ನಳಿಗೆಯ ಗೀರುಗಳು ಆರಂಭವಾಗುವ ಕಡೆ ತಾಗುವಂತೆ ಮಾಡಬಹುದು. ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟಾಗಳನ್ನು ಒಂದರ ಹಿಂದೆ ಒಂದು ಇಡುವ ಲಿವರ್ ಬಂದೂಕಿನಲ್ಲಿ ಚೂಪು ಮೂಗಿನ ಗುಂಡು ಮುಂದಿನ ತೋಟಾದ ಕೇಪನ್ನು ಕುಟ್ಟುವ ಅಪಾಯವಿದೆ; ಇಲ್ಲಿ ಆ ಭಯವೂ ಇಲ್ಲ. ಇದಕ್ಕೆ ತೆರಬೇಕಾದ ಬೆಲೆಯನ್ನು ಕೈಪಿಡಿಗಳು ಅಷ್ಟಾಗಿ ಹೇಳುವುದಿಲ್ಲ. ಬೋಲ್ಟ್ ರೈಫಲ್ ತಿರುಪಿನ ಬಲದಿಂದ ಬಿಗಿಯಾದ ತೋಟಾವನ್ನು ಒಳಕ್ಕೆ ನೂಕಬಲ್ಲದು, ಸಿಕ್ಕಿಕೊಂಡ ಕೋಶವನ್ನು ಸಡಿಲಿಸಿ ಎಳೆಯಬಲ್ಲದು. ಜಾರುವ ಅಥವಾ ಉರುಳುವ ಗಟ್ಟಿಗೆ ಆ ಬಲವಿಲ್ಲ. ಹೆಬ್ಬೆರಳಿನಿಂದ ಒತ್ತಿದರೆ ಒಳಹೋಗದ ತೋಟಾ ಈ ಬಂದೂಕಿಗೆ ದೊಡ್ಡದು. ಸುಲಭವಾಗಿ ಹೊರಬಾರದ ಕೋಶಕ್ಕೆ ಒತ್ತಡ ಹೆಚ್ಚಾಗಿದೆ ಎಂದು ಅರ್ಥ. ಹೀಗೆ ಬಂದೂಕೇ ಒಂದು ಮಟ್ಟಿಗೆ ಮಿತಿಯನ್ನು ಹೇಳಿಕೊಡುತ್ತದೆ.

ಅಳತೆಯ ವಿಷಯಕ್ಕೆ ಬಂದರೆ, ನಳಿಗೆಯೊಳಗಿನ ಗೀರುಗಳ ತಳದಿಂದ ತಳಕ್ಕೆ ಇರುವ ವ್ಯಾಸವೇ ಎಲ್ಲಕ್ಕೂ ಆಧಾರ. ಮೆದು ಸೀಸದ ತುಂಡೊಂದನ್ನು ನಳಿಗೆಯ ಉದ್ದಕ್ಕೂ ಸರಳಿನಿಂದ ನೂಕಿ ಹೊರತೆಗೆದು ಮೈಕ್ರೋಮೀಟರಿನಲ್ಲಿ ಅಳೆಯುವುದು ರೂಢಿ. ಹೊಸ .45 ರೈಫಲ್‌ಗಳಲ್ಲಿ ಈ ವ್ಯಾಸ ಸಾಮಾನ್ಯವಾಗಿ 0.458 ಇಂಚು, ಹಳೆಯ ಸ್ಪ್ರಿಂಗ್‌ಫೀಲ್ಡ್‌ಗಳಲ್ಲಿ 0.460 ದಾಟಿರುವುದೂ ಉಂಟು. ಸ್ಪ್ರಿಂಗ್‌ಫೀಲ್ಡ್ ನಳಿಗೆಗೆ ಮೂರೇ ಗೀರುಗಳು. ಬೆಸ ಸಂಖ್ಯೆಯಾದ್ದರಿಂದ ಒಂದು ಗೀರಿನ ಎದುರಿಗೆ ಇನ್ನೊಂದು ಗೀರು ಬರುವುದಿಲ್ಲ. ಸಾಧಾರಣ ಮೈಕ್ರೋಮೀಟರು ಅಲ್ಲಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಆ ಅಂಕಿಯನ್ನು ನಂಬಿ ಅಚ್ಚು ಕೊಂಡವನ ಗುಂಡು ಹುಟ್ಟುವಾಗಲೇ ಸಣ್ಣದು. ಹಳೆಯ ಬಂದೂಕು ಗುರಿ ಹಿಡಿಯುವುದಿಲ್ಲ ಎಂಬ ದೂರುಗಳಲ್ಲಿ ಎಷ್ಟೋ ಈ ಒಂದು ತಪ್ಪಿನಿಂದ ಬಂದವಾಗಿರಬಹುದು.

ಎರಕದ ಗುಂಡು ಗೀರಿನ ವ್ಯಾಸಕ್ಕಿಂತ ಸಾವಿರದ ಒಂದೋ ಎರಡೋ ಅಂಶ ಇಂಚು ದಪ್ಪವಿರಬೇಕು ಎಂಬುದು ಎಲ್ಲರೂ ಒಪ್ಪಿದ ಮಾತು. ಕಾರಣ ಸರಳ. ಗುಂಡು ಸಣ್ಣದಾದರೆ ಅದರ ಪಕ್ಕದಿಂದ ಬಿಸಿ ಅನಿಲ ನುಗ್ಗುತ್ತದೆ, ಸೀಸದ ಮೈಯನ್ನು ಕೊರೆಯುತ್ತದೆ, ಕೊರೆದದ್ದನ್ನು ನಳಿಗೆಗೆ ಮೆತ್ತುತ್ತದೆ. ಮೆತ್ತಿದ ಸೀಸದ ಮೇಲೆ ಹಾದುಹೋಗುವ ಮುಂದಿನ ಗುಂಡು ಇನ್ನಷ್ಟು ಕೆಡುತ್ತದೆ. ದಪ್ಪಕ್ಕೂ ಮಿತಿಯುಂಟು. ಕೋಶದ ಬಾಯಿ ಗುಂಡನ್ನು ಹಿಡಿದು ಉಬ್ಬಿದಾಗ ತೋಟಾ ಕೂರುವ ಕೋಣೆಯಲ್ಲಿ ಅದಕ್ಕೆ ಬಿಡುವು ಉಳಿದಿರಬೇಕು. ಇಲ್ಲವಾದರೆ ಕೋಶ ಗುಂಡನ್ನು ಬಿಡಲಾರದೆ ಒತ್ತಡ ಏರುತ್ತದೆ. ನಳಿಗೆ ಅಗಲ, ಕೋಣೆ ಬಿಗಿ ಎಂಬಂಥ ಬಂದೂಕುಗಳೂ ಇವೆ. ಅಂಥವಕ್ಕೆ ಅಳತೆಯಿಂದ ಪರಿಹಾರವಿಲ್ಲ. ಹಾರುವಾಗ ತಾನೇ ಉಬ್ಬಿಕೊಳ್ಳುವ ಮೆದು ಗುಂಡು ಬೇಕು.

ಇಲ್ಲಿಂದ ಮಿಶ್ರಲೋಹದ ಪ್ರಶ್ನೆ ಹುಟ್ಟುತ್ತದೆ. ಈ ಪದ್ಧತಿಯ ಬರಹಗಳು ಹೆಚ್ಚು ಎಡವಿರುವುದೂ ಇಲ್ಲೇ. ಶುದ್ಧ ಸೀಸದ ಬ್ರಿನೆಲ್ ಗಡಸುತನ ಸುಮಾರು 5. ಇಪ್ಪತ್ತು ಪಾಲು ಸೀಸಕ್ಕೆ ಒಂದು ಪಾಲು ತವರ ಕೂಡಿಸಿದರೆ ಅದು 10ರ ಹತ್ತಿರ ಬರುತ್ತದೆ. ನೂರರಲ್ಲಿ 90 ಸೀಸ, 5 ತವರ, 5 ಆಂಟಿಮನಿ ಇರುವ ಲೈಮನ್ ನಂಬರ್ 2 ಮಿಶ್ರಣದ್ದು 15ರ ಆಸುಪಾಸು. 84 ಸೀಸ, 12 ಆಂಟಿಮನಿ, 4 ತವರದ ಲೈನೋಟೈಪ್ ಲೋಹದ್ದು 22. ಕಂಪ್ಯೂಟರ್ ಬರುವ ಮುನ್ನ ಕನ್ನಡದ ಅಚ್ಚುಕೂಟಗಳಲ್ಲಿ ಕೈಯಿಂದ ಜೋಡಿಸುತ್ತಿದ್ದ ಅಚ್ಚುಮೊಳೆಯೂ ಇದೇ ಮೂರು ಲೋಹಗಳ ಕೂಡಿಕೆ. ಅಮೆರಿಕದ ಪತ್ರಿಕಾ ಕಚೇರಿಗಳು ಲೈನೋಟೈಪ್ ಯಂತ್ರಗಳನ್ನು ಕೈಬಿಟ್ಟಾಗ ಆ ಲೋಹ ರಾಶಿ ರಾಶಿಯಾಗಿ ಗುಂಡು ಎರೆಯುವವರ ಕೈಸೇರಿತು, ಗಡಸು ಗುಂಡಿನ ಮೋಹಕ್ಕೆ ಇಂಬೂ ಕೊಟ್ಟಿತು. ತವರ ಮುಖ್ಯವಾಗಿ ಕರಗಿದ ಲೋಹ ಅಚ್ಚಿನ ಮೂಲೆಮೂಲೆಗೂ ಹರಿಯುವಂತೆ ಮಾಡುತ್ತದೆ. ಗಡಸು ತರುವುದು ಆಂಟಿಮನಿ.

ಗಡಸು ಗುಂಡಿಗೆ ಸೀಸ ಮೆತ್ತುವುದಿಲ್ಲ, ಗುರಿ ಚೆನ್ನ ಎಂಬ ಮಾತು ಎಷ್ಟೋ ಅನುಭವಗಳಿಂದ ಬಂದದ್ದು; ಅದನ್ನು ಸುಳ್ಳೆನ್ನುವಂತಿಲ್ಲ. ಆದರೆ ಆ ಅನುಭವಗಳಲ್ಲಿ ಎರಡು ಸಂಗತಿಗಳು ಬೆರೆತುಹೋಗಿವೆ. ಆಂಟಿಮನಿ ಹೆಚ್ಚಿರುವ ಲೋಹ ತಣಿಯುವಾಗ ಕಡಿಮೆ ಕುಗ್ಗುತ್ತದೆ. ಒಂದೇ ಅಚ್ಚಿನಲ್ಲಿ ಮೆದು ಸೀಸ ಎರೆದಾಗ ಬರುವ ಗುಂಡಿಗಿಂತ ಲೈನೋಟೈಪ್ ಎರೆದಾಗ ಬರುವ ಗುಂಡು ತುಸು ದಪ್ಪ; ವ್ಯತ್ಯಾಸ ಸಾವಿರದ ಒಂದಂಶ ಇಂಚಿನ ಮಟ್ಟದ್ದು, ಅಂದರೆ ಸರಿಯಾಗಿ ಕೂರುವ ಗುಂಡಿಗೂ ಕೂರದ ಗುಂಡಿಗೂ ಇರುವಷ್ಟೇ ಅಂತರ. ಲೋಹ ಬದಲಿಸಿ ಗುರಿ ಸುಧಾರಿಸಿಕೊಂಡವನು ತಾನು ಗಡಸುತನವನ್ನು ಬದಲಿಸಿದೆ ಎಂದುಕೊಳ್ಳುತ್ತಾನೆ. ಅವನು ವ್ಯಾಸವನ್ನೂ ಬದಲಿಸಿದ್ದಾನೆ. ಎರಡನ್ನೂ ಒಂದೇ ವ್ಯಾಸಕ್ಕೆ ತಂದು ಹೋಲಿಸದ ಯಾವ ಪರೀಕ್ಷೆಯೂ ಗಡಸುತನದ ಬಗ್ಗೆ ಏನನ್ನೂ ಸಾಬೀತುಮಾಡುವುದಿಲ್ಲ. ಇಂಥ ಹೋಲಿಕೆ ಮಾಡಿದವರು ಬರಹದಲ್ಲಿ ಬಹಳ ಕಡಿಮೆ, ತೀರ್ಪು ಕೊಟ್ಟವರು ಬಹಳ ಹೆಚ್ಚು.

ಗಡಸುತನಕ್ಕೆ ಸೂತ್ರದ ಗೌರವ ತಂದವರು ರಿಚರ್ಡ್ ಲೀ. ‘ಮಾಡರ್ನ್ ರೀಲೋಡಿಂಗ್’ ಎಂಬ ಕೈಪಿಡಿಯಲ್ಲಿ ಅವರು ಮಿಶ್ರಲೋಹದ ಬ್ರಿನೆಲ್ ಅಂಕಿಯನ್ನು ತೋಟಾದ ಒತ್ತಡಕ್ಕೆ ಗಂಟುಹಾಕಿದರು: ಅಂಕಿಯನ್ನು 1,422ರಿಂದ ಗುಣಿಸಿದರೆ ಆ ಲೋಹ ತಡೆಯಬಲ್ಲ ಒತ್ತಡ, ಚದರ ಇಂಚಿಗೆ ಇಷ್ಟು ಪೌಂಡು ಎಂದು ಸಿಗುತ್ತದೆ. ಆದರೆ 1,422 ಎಂಬುದು ಚದರ ಮಿಲಿಮೀಟರಿಗೆ ಒಂದು ಕಿಲೋಗ್ರಾಂ ಭಾರವನ್ನು ಪೌಂಡು-ಇಂಚಿಗೆ ಪರಿವರ್ತಿಸುವ ಅಂಕಿ, ಅಷ್ಟೇ. ಮಾನ ಬದಲಾಯಿಸುವ ಲೆಕ್ಕ ಇಲ್ಲಿ ನಿಸರ್ಗ ನಿಯಮದ ವೇಷ ತೊಟ್ಟಿದೆ. ಬ್ರಿನೆಲ್ ಪರೀಕ್ಷೆಯಲ್ಲಿ ಉಕ್ಕಿನ ಚೆಂಡು ಲೋಹದ ಮೇಲೆ ಸೆಕೆಂಡುಗಟ್ಟಲೆ ಊರಿ ಕೂರುತ್ತದೆ. ಬಂದೂಕಿನಲ್ಲಿ ಒತ್ತಡ ಏರಿ ಇಳಿಯುವುದು ಸೆಕೆಂಡಿನ ಸಾವಿರದ ಕೆಲವೇ ಅಂಶಗಳಲ್ಲಿ. ಸೀಸ ನಿಧಾನದ ಒತ್ತಡಕ್ಕೆ ಬೇಗ ಸೋಲುತ್ತದೆ, ಹಠಾತ್ ಒತ್ತಡಕ್ಕೆ ಹೆಚ್ಚು ತಡೆಯುತ್ತದೆ. ಮೇಲಾಗಿ ಗುಂಡನ್ನು ನಳಿಗೆಯ ಗೋಡೆ ಸುತ್ತಲೂ ಹಿಡಿದಿರುತ್ತದೆ. .45-70ಗೆ ಅಮೆರಿಕದ ಉದ್ಯಮ ಗೊತ್ತುಪಡಿಸಿದ ಗರಿಷ್ಠ ಒತ್ತಡ 28,000 ಪೌಂಡು. ಸೂತ್ರದ ಪ್ರಕಾರ ಅದಕ್ಕೆ ಹೆಚ್ಚುಕಡಿಮೆ 20ರ ಗಡಸುತನ ಬೇಕು, ಅಂದರೆ ಲೈನೋಟೈಪಿನ ಹತ್ತಿರದ್ದು. ಕರಿಮದ್ದಿನ ಸ್ಪರ್ಧಿಗಳ ಲೆಕ್ಕಾಚಾರವೇ ಬೇರೆ. ಇಪ್ಪತ್ತಕ್ಕೊಂದು, ಮೂವತ್ತಕ್ಕೊಂದು ತವರದ ಮೆದು ಗುಂಡನ್ನು ಅವರು ಆರಿಸುವುದು, ಕರಿಮದ್ದಿನ ಥಟ್ಟನೆಯ ಏಟಿಗೆ ಗುಂಡು ಸ್ವಲ್ಪ ಕುಸಿದು ಗೀರುಗಳನ್ನು ತುಂಬಲಿ ಎಂದೇ. ಲೋಹ ಸೋಲಬಾರದು ಎನ್ನುವ ಸೂತ್ರಕ್ಕೂ ಸೋಲಲೇಬೇಕು ಎನ್ನುವ ರೂಢಿಗೂ ನಡುವೆ ಆರಿಸಬೇಕಾದರೆ, ಸಾವಿರ ಗಜದ ಗುರಿಗಳಲ್ಲಿ ಪಳಗಿದ ರೂಢಿಯ ಮಾತಿಗೇ ಹೆಚ್ಚು ತೂಕ.

ಈ ಎರಡು ನಿಲುವುಗಳ ಹಿಂದೆ ಎರಡು ಪಂಥಗಳಿವೆ. ‘ಫಾರ್ಟಿ ಇಯರ್ಸ್ ವಿತ್ ದ .45-70’ ಮತ್ತು ‘ದಿ ಪೇಪರ್ ಜಾಕೆಟ್’ ಬರೆದ ಪಾಲ್ ಮ್ಯಾಥ್ಯೂಸ್ ತಾಳ್ಮೆಯ ಪಂಥದವರು. ಸಣ್ಣ ವ್ಯಾಸದ ಗುಂಡಿಗೆ ತೆಳು ಕಾಗದವನ್ನು ಎರಡು ಸುತ್ತು ಬಿಗಿದು ಹಾರಿಸುವ ಹಳೆಯ ವಿದ್ಯೆಯನ್ನು ಮತ್ತೆ ಬೆಳಕಿಗೆ ತಂದವರಲ್ಲಿ ಅವರೊಬ್ಬರು. ಗೀರು ಹಿಡಿಯುವುದು ಕಾಗದವನ್ನು, ಸೀಸ ನಳಿಗೆಗೆ ತಾಗುವುದೇ ಇಲ್ಲ; ನಳಿಗೆಯ ಬಾಯಲ್ಲಿ ಕಾಗದ ಚೂರಾಗಿ ಉದುರುತ್ತದೆ. ಶಾರ್ಪ್ಸ್ ಕಂಪನಿ ಇದನ್ನು ಬಳಸಿತ್ತು, 1871ರಲ್ಲಿ ಬ್ರಿಟಿಷ್ ಸೈನ್ಯ ಸೇರಿದ ಮಾರ್ಟಿನಿ-ಹೆನ್ರಿಯ 480 ಗ್ರೇನ್ ಗುಂಡಿಗೂ ಕಾಗದದ ಹೊದಿಕೆಯಿತ್ತು. ಇನ್ನೊಂದು ಪಂಥದ ಧ್ವನಿ ವೆರಾಲ್ ಸ್ಮಿತ್ ಅವರದು. ಗಡಸು ಲೋಹ, ಅಗಲ ಚಪ್ಪಟೆ ಮೂಗು, ಹೆಚ್ಚಿನ ವೇಗ ಅದರ ಗುರುತು. ಎರಕದ ಗುಂಡಿನಿಂದ ತಾಮ್ರದ ಹೊದಿಕೆಯ ಗುಂಡಿನ ಫಲವನ್ನೇ ಪಡೆಯಬಹುದೆಂಬ ಭರವಸೆ ಸ್ಮಿತ್ ಅವರ ಪುಸ್ತಕದ ಹೆಸರಲ್ಲೇ ಇದೆ. ಆ ಭರವಸೆಗಿಂತ, ಗುಂಡು ನಳಿಗೆಗೆ ಹೊಂದಬೇಕು ಎಂಬ ಅವರ ಹಠವೇ ಹೆಚ್ಚು ಬೆಲೆಬಾಳುತ್ತದೆ. ಬೇಟೆಯ ದೃಷ್ಟಿಯಿಂದ ಚಪ್ಪಟೆ ಮೂಗಿನ ವಾದ ಗಟ್ಟಿ: ಮೆದು ದುಂಡು ಮೂಗು ಮೂಳೆಗೆ ತಾಗಿ ಸೊಟ್ಟಗಾಗಬಹುದು, ಅಗಲ ಚಪ್ಪಟೆ ಮೂಗು ನೇರ ಹೋಗುತ್ತದೆ, ಗಾಯವೂ ದೊಡ್ಡದು. ದೂರದ ಗುರಿಗೆ ಅದೇ ಮೂಗು ಹೊರೆ, ಗಾಳಿಯಲ್ಲಿ ವೇಗವನ್ನು ಬೇಗ ಕಳೆಯುತ್ತದೆ. ನೂರೈವತ್ತು ಗಜದೊಳಗಿನ ಬೇಟೆಗೂ ಐನೂರು ಮೀಟರಿನ ಗುರಿಗೂ ಒಂದೇ ಗುಂಡು ಬೇಕೆನ್ನುವವನಿಗೆ ಎರಡು ಪಂಥಗಳಲ್ಲೂ ಉತ್ತರವಿಲ್ಲ.

ತೂಕವನ್ನು ಆರಿಸುವುದು ಎಂದರೆ ನಿಜವಾಗಿ ಉದ್ದವನ್ನು ಆರಿಸುವುದು. ಉದ್ದದ ಗುಂಡು ಸ್ಥಿರವಾಗಿ ಹಾರಲು ಬೇಗ ತಿರುಗಬೇಕು. ಎಷ್ಟು ಬೇಗ ಎಂಬುದಕ್ಕೆ ಜಾರ್ಜ್ ಗ್ರೀನ್‌ಹಿಲ್ 1879ರಲ್ಲಿ ಕೊಟ್ಟ ಸೂತ್ರ ಈಗಲೂ ಸಾಕು: ವ್ಯಾಸದ ವರ್ಗವನ್ನು 150ರಿಂದ ಗುಣಿಸಿ ಗುಂಡಿನ ಉದ್ದದಿಂದ ಭಾಗಿಸಬೇಕು. 0.458 ಇಂಚು ವ್ಯಾಸ, 1.3 ಇಂಚು ಉದ್ದದ ಭಾರದ ಗುಂಡಿಗೆ 24 ಇಂಚಿಗೆ ಒಂದು ಸುತ್ತು ಎಂಬ ಉತ್ತರ ಬರುತ್ತದೆ. ಸ್ಪ್ರಿಂಗ್‌ಫೀಲ್ಡಿನ ಸುರುಳಿ 22 ಇಂಚಿಗೆ ಒಂದು; ಶಾರ್ಪ್ಸ್ ಮಾದರಿಗಳಲ್ಲಿ ಸಾಮಾನ್ಯವಾಗಿ 18 ಅಥವಾ 20. ಅಂದರೆ ಈ ನಳಿಗೆಗಳು ಭಾರದ ಗುಂಡಿಗೆಂದೇ ಹುಟ್ಟಿದವು. 1879ರಲ್ಲಿ ನ್ಯೂಜೆರ್ಸಿಯ ಸ್ಯಾಂಡಿ ಹುಕ್ ಕರಾವಳಿಯಲ್ಲಿ ಸೈನ್ಯ ಬಹುದೂರದ ಪರೀಕ್ಷೆಗಳನ್ನು ನಡೆಸಿತು. ಮುಂದೆ 405ರ ಜಾಗಕ್ಕೆ 500 ಗ್ರೇನಿನ ಗುಂಡು ಬಂತು. 300 ಗ್ರೇನಿನ ಹಗುರ ಗುಂಡು ಭುಜಕ್ಕೆ ಹಿತ, ಲೋಹವೂ ಉಳಿತಾಯ. ಆದರೆ ಅದರ ಮೈ ಗಿಡ್ಡ, ನಳಿಗೆಯನ್ನು ಹಿಡಿಯುವ ಭಾಗ ಕಡಿಮೆ. ನೂರು ಗಜ ದಾಟಿದ ಮೇಲೆ ಅದರ ಲಾಭವೆಲ್ಲ ಕರಗುತ್ತದೆ.

ಭಾರತದಲ್ಲಿ ಬ್ರಿಟಿಷ್ ಬೇಟೆಗಾರರು ಇದೇ ಪ್ರಶ್ನೆಗೆ ಬೇರೆ ಉತ್ತರ ಹುಡುಕಿದ್ದರು. ಮಧ್ಯಪ್ರಾಂತ್ಯದ ಕಾಡುಗಳಲ್ಲಿ ಓಡಾಡಿದ ಜೇಮ್ಸ್ ಫೋರ್ಸಿತ್ 1863ರ ಪುಸ್ತಕದಲ್ಲಿ ದೊಡ್ಡ ಬೋರು, ಬಹಳ ನಿಧಾನದ ಸುರುಳಿ, ಉರುಟು ಗುಂಡು, ತುಂಬು ಮದ್ದು ಎಂದು ವಾದಿಸಿದ. ಹತ್ತಿರದ ಹುಲಿಗೆ, ಕಾಟಿಗೆ ಅದು ಸರಿಯೇ. ಉರುಟು ಗುಂಡಿಗೆ ಉದ್ದವೇ ಇಲ್ಲದ್ದರಿಂದ ಬೇಗ ತಿರುಗಬೇಕಾಗಿಲ್ಲ. ಮೈಸೂರು ಸೀಮೆಯಲ್ಲಿ ಖೆಡ್ಡಾ ನಡೆಸಿದ ಜಿ.ಪಿ. ಸ್ಯಾಂಡರ್ಸನ್ ಆನೆಗೆ 4 ಬೋರಿನ ಕೋವಿ ಹಿಡಿದಿದ್ದ. ಒಂದು ಪೌಂಡು ಸೀಸಕ್ಕೆ ನಾಲ್ಕೇ ಗುಂಡು ಎಂಬುದು ಆ ಅಳತೆ. ಒಂದೊಂದೂ 1,750 ಗ್ರೇನ್. ಆನೆಯ ತಲೆಬುರುಡೆಗೆ ಶುದ್ಧ ಸೀಸ ಅಪ್ಪಚ್ಚಿಯಾಗುತ್ತದೆಂದು ಅಂಥ ಗುಂಡುಗಳಿಗೆ ತವರ ಬೆರೆಸಿ ಗಡಸು ಮಾಡುತ್ತಿದ್ದರು. ಗಡಸುತನ ಅಲ್ಲಿ ಪ್ರಾಣಿಯ ಮೂಳೆಗಾಗಿ, ನಳಿಗೆಗಾಗಿ ಅಲ್ಲ. ಇಂದಿನ ಭಾರತದಲ್ಲಿ ಈ ಹವ್ಯಾಸಕ್ಕೆ ಜಾಗವಿಲ್ಲ: 1959ರ ಆಯುಧ ಕಾಯ್ದೆಯ 5ನೆಯ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಕೆಗೇ ಪ್ರತ್ಯೇಕ ಪರವಾನಗಿ ಬೇಕು. ಬಂದೂಕು ಇಟ್ಟುಕೊಳ್ಳುವ ಲೈಸೆನ್ಸ್ ತೋಟಾ ತುಂಬುವ ಹಕ್ಕನ್ನು ಕೊಡುವುದಿಲ್ಲ.

ಗುಂಡಿನ ಯಾವ ಭಾಗದ ದೋಷ ಹೆಚ್ಚು ಕೆಡಕು ಎಂಬುದಕ್ಕೆ ಈ ಕ್ಷೇತ್ರದಲ್ಲಿ ಅಪರೂಪಕ್ಕೆ ಖಚಿತ ಉತ್ತರವಿದೆ. ಮ್ಯಾಸಚೂಸೆಟ್ಸಿನ ಡಾ. ಫ್ರಾಂಕ್ಲಿನ್ ಮ್ಯಾನ್ 1909ರಲ್ಲಿ ಪ್ರಕಟಿಸಿದ ‘ದಿ ಬುಲೆಟ್ಸ್ ಫ್ಲೈಟ್ ಫ್ರಮ್ ಪೌಡರ್ ಟು ಟಾರ್ಗೆಟ್’ ದಶಕಗಳ ಪ್ರಯೋಗಗಳ ದಾಖಲೆ. ಗುಂಡಿನ ಮೂಗನ್ನು ಬೇಕೆಂದೇ ಕೆಡಿಸಿ ಹಾರಿಸಿದಾಗ ಗುರಿ ಅಷ್ಟಾಗಿ ಕೆಡಲಿಲ್ಲ. ತಳದ ಅಂಚನ್ನು ಕೆಡಿಸಿದಾಗ ಗುಂಡುಗಳು ಚೆದುರಿದವು. ನಳಿಗೆಯ ಬಾಯಿಂದ ಹೊರಬೀಳುವ ಗಳಿಗೆಯಲ್ಲಿ ಅನಿಲ ತಳದ ಸುತ್ತ ಸಮನಾಗಿ ಬಿಡುಗಡೆಯಾಗಬೇಕು. ಅಂಚು ಒಂದು ಕಡೆ ಮೊಂಡಾಗಿದ್ದರೆ ಗುಂಡಿಗೆ ಓರೆ ನೂಕು ಬೀಳುತ್ತದೆ. ಒಂದೊಂದು ಗುಂಡನ್ನೂ ತಕ್ಕಡಿಗಿಟ್ಟು ಗ್ರೇನಿನ ಹತ್ತನೆಯ ಭಾಗದವರೆಗೆ ವಿಂಗಡಿಸುವ ಇಂದಿನ ಶ್ರದ್ಧೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 500 ಗ್ರೇನಿನ ಗುಂಡಿನಲ್ಲಿ ಒಂದು ಗ್ರೇನ್ ವ್ಯತ್ಯಾಸ ಎಂದರೆ ನೂರಕ್ಕೆ 0.2. ತಕ್ಕಡಿಗೆ ಕೊಡುವ ಹೊತ್ತಿನ ಅರ್ಧವನ್ನು ಭೂತಗನ್ನಡಿ ಹಿಡಿದು ತಳದ ಅಂಚು ನೋಡುವುದಕ್ಕೆ ಕೊಟ್ಟರೆ ಹೆಚ್ಚು ಫಲ. ತಳಕ್ಕೆ ತಾಮ್ರದ ಪುಟ್ಟ ಬಟ್ಟಲು ತೊಡಿಸುವ ಗ್ಯಾಸ್ ಚೆಕ್ ಹೆಚ್ಚು ವೇಗದ ರೈಫಲ್ಲಿಗೆ ಉಪಕಾರಿ. ಕರಿಮದ್ದಿನ ವೇಗದಲ್ಲಿ ಅದು ಅನಗತ್ಯ ಖರ್ಚು.

ಇನ್ನು ಮದ್ದು. ಕರಿಮದ್ದಿನ ನಿಯಮ ಒಂದೇ: ಕೋಶದೊಳಗೆ ಗಾಳಿಗೆ ಜಾಗ ಬಿಡಬಾರದು. ಗುಂಡಿನ ತಳದವರೆಗೂ ಮದ್ದು ತುಂಬಿ ಸ್ವಲ್ಪ ಒತ್ತಿರಬೇಕು. ಈ ನಿಯಮ ತುಂಬುವವನನ್ನು ತಾನಾಗಿಯೇ ಕಾಪಾಡುತ್ತದೆ. ಎರಡು ಪಟ್ಟು ಮದ್ದು ಹಾಕಲು ಜಾಗವೇ ಇಲ್ಲ. ಹೊಗೆರಹಿತ ಮದ್ದಿನಲ್ಲಿ ಆ ರಕ್ಷಣೆ ಹೋಗುತ್ತದೆ. ಬೇಗ ಉರಿಯುವ ಮದ್ದಿನ ಸರಿಯಾದ ಪ್ರಮಾಣ .45-70ರ ದೊಡ್ಡ ಕೋಶದ ತಳದಲ್ಲೇ ಎಲ್ಲೋ ಅಡಗಿಬಿಡುತ್ತದೆ. ಮರೆತು ಇನ್ನೊಂದು ಅಳತೆ ಸುರಿದರೂ ಕಣ್ಣಿಗೆ ತುಂಬಿದಂತೆ ಕಾಣದು. ಮದ್ದು ಕೇಪಿನ ಬಳಿಯೇ ಇರಲೆಂದು ಹತ್ತಿಯಂಥ ನಾರನ್ನೋ ಬಿರಡೆಯನ್ನೋ ತುರುಕುವ ಅಭ್ಯಾಸವೊಂದಿದೆ. ಬಿರಡೆಗೂ ಗುಂಡಿಗೂ ನಡುವೆ ಖಾಲಿ ಜಾಗ ಉಳಿದರೆ, ಬಿರಡೆ ವೇಗವಾಗಿ ಹೋಗಿ ಗುಂಡಿನ ತಳಕ್ಕೆ ಅಪ್ಪಳಿಸುತ್ತದೆ. ಆ ಒಂದು ಬಿಂದುವಿನಲ್ಲಿ ಒತ್ತಡ ಮಿತಿಮೀರಿ ತೋಟಾದ ಕೋಣೆಯ ಉಕ್ಕು ಬಳೆಯ ಹಾಗೆ ಉಬ್ಬುತ್ತದೆ. ನೂರು ವರ್ಷದ ಹಳೆಯ ನಳಿಗೆ ಹೀಗೆ ಕೆಟ್ಟರೆ ಸರಿಪಡಿಸುವ ದಾರಿಯಿಲ್ಲ. ಬಿರಡೆಯಿಲ್ಲದೆ ಸರಿಯಾಗಿ ಉರಿಯದ ಮದ್ದು ಈ ಕೋಶಕ್ಕೆ ತಕ್ಕ ಮದ್ದಲ್ಲ ಎಂದು ತಿಳಿಯುವುದು ವಾಸಿ.

ಕೈಪಿಡಿಗಳು .45-70ಗೆ ಸಾಮಾನ್ಯವಾಗಿ ಮೂರು ಪಟ್ಟಿ ಕೊಡುತ್ತವೆ: 1873ರ ಸ್ಪ್ರಿಂಗ್‌ಫೀಲ್ಡ್‌ಗೆ ಅತಿ ಮೆದುವಾದದ್ದು, ಲಿವರ್ ರೈಫಲ್‌ಗಳಿಗೆ ನಡುವಿನದು, ರೂಗರ್ ನಂಬರ್ 1ರಂಥ ಗಟ್ಟಿ ಬಂದೂಕಿಗೆ ಎಲ್ಲಕ್ಕಿಂತ ಬಿರುಸಾದದ್ದು. ಅಳತೆಯಲ್ಲಿ ಮೂರೂ ತೋಟಾಗಳು ಒಂದೇ. ಮೂರನೆಯ ಪಟ್ಟಿಯಂತೆ ತುಂಬಿದ್ದು 1873ರ ಬಂದೂಕಿಗೂ ಸಲೀಸಾಗಿ ಕೂರುತ್ತದೆ. ಒಂದೇ ಹೆಸರಿನ ಕೆಳಗೆ ಮೂರು ಒತ್ತಡಗಳನ್ನು ಸಾಕುವ ಈ ಏರ್ಪಾಡು ಪದ್ಧತಿಯ ಅತಿ ದೊಡ್ಡ ದೌರ್ಬಲ್ಯ. ಅದರಿಂದ ಸಿಗುವ ಲಾಭವೂ ಸಂಶಯಾಸ್ಪದ. ಗಟ್ಟಿ ಬಂದೂಕಿನಲ್ಲಿ ಭಾರದ ಎರಕದ ಗುಂಡಿನ ವೇಗವನ್ನು ಮೂರನೆಯ ಒಂದು ಪಾಲು ಏರಿಸಿದರೆ ಒದೆತ ಸಹನೆ ಮೀರುತ್ತದೆ, ಲೋಹ ಗಡಸಾಗಬೇಕಾಗುತ್ತದೆ, ಗಡಸು ಗುಂಡು ಉಬ್ಬಿಕೊಳ್ಳದೆ ಅಳತೆಯ ಸಣ್ಣ ತಪ್ಪನ್ನೂ ಕ್ಷಮಿಸುವುದಿಲ್ಲ. ಸೆಕೆಂಡಿಗೆ 400 ಮೀಟರಿನಲ್ಲಿ ಹೊರಟ ಗುಂಡು ಒಂದೆರಡು ನೂರು ಗಜದೊಳಗೇ ಶಬ್ದದ ವೇಗಕ್ಕಿಂತ ಕೆಳಗಿಳಿದು, ಉಳಿದ ದಾರಿಯನ್ನು ನಿಧಾನವಾಗಿಯೇ ಸಾಗುತ್ತದೆ. ಹಾಗಿದ್ದೂ ಸಾವಿರ ಗಜದ ಗುರಿಯನ್ನು ಮುಟ್ಟುತ್ತದೆ. ಸಪಾಟಾದ ಹಾರುದಾರಿ ಬೇಕಾದವನಿಗೆ ಸಣ್ಣ ಬೋರಿನ ಆಧುನಿಕ ರೈಫಲ್‌ಗಳು ಅಂಗಡಿಯಲ್ಲಿ ಸಾಲಾಗಿ ನಿಂತಿವೆ.

ಥಾಂಪ್ಸನ್ ಸೆಂಟರ್ ಕಂಪನಿ 1967ರಲ್ಲಿ ತಂದ ಕಂಟೆಂಡರ್ ಎಂಬ ಒಂಟಿ ತೋಟಾದ ಕೈಬಂದೂಕಿಗೂ .45-70 ನಳಿಗೆಗಳು ಬಂದವು. ಹಿಡಿಯಲ್ಲಿ ಹಿಡಿದು 500 ಗ್ರೇನ್ ಹಾರಿಸುವುದು ಸಾಹಸವೇ ಹೊರತು ಆಯ್ಕೆಯಲ್ಲ. ಅಲ್ಲಿ ಮಾತ್ರ ಹಗುರ ಗುಂಡಿಗೆ ಅರ್ಥವಿದೆ.

ಗುಂಡಿನ ತೋಡುಗಳಿಗೆ ತುಂಬುವ ಜಿಡ್ಡಿನ ಬಗ್ಗೆ ಬರೆದಷ್ಟು ಬಹುಶಃ ಸೀಸದ ಬಗ್ಗೆಯೂ ಯಾರೂ ಬರೆದಿಲ್ಲ. ತಿರುಳು ಇಷ್ಟೇ: ಕರಿಮದ್ದು ಉರಿದು ಉಳಿಯುವ ಮಸಿ ಗಟ್ಟಿಯಾಗದೆ ಮೆತ್ತಗಿರಬೇಕು, ಅದಕ್ಕೆ ಜೇನುಮೇಣ ಮತ್ತು ಪ್ರಾಣಿ ಅಥವಾ ಸಸ್ಯದ ಕೊಬ್ಬು ಸಾಕು, ಪೆಟ್ರೋಲಿಯಂ ಜಿಡ್ಡು ಅಲ್ಲಿ ಟಾರಿನಂತಾಗುತ್ತದೆ. ನಳಿಗೆಯ ಬಾಯಲ್ಲಿ ಜಿಡ್ಡಿನ ನಕ್ಷತ್ರದಂಥ ಗುರುತು ಕಂಡರೆ ಕೊನೆಯವರೆಗೂ ಜಿಡ್ಡು ಸಾಕಾಗಿದೆ. ಒಣ ಹವೆಯಲ್ಲಿ ಅದೂ ಸಾಲದು. ಸ್ಪರ್ಧಿಗಳು ಹೊಡೆತಗಳ ನಡುವೆ ಕೊಳವೆಯಿಂದ ನಳಿಗೆಗೆ ಉಸಿರು ಊದಿ ಮಸಿಯನ್ನು ತೇವ ಮಾಡುತ್ತಾರೆ, ಇಲ್ಲವೇ ಒದ್ದೆ ಬಟ್ಟೆಯಿಂದ ಒರೆಸುತ್ತಾರೆ.

ಆಯ್ಕೆ ಸರಿಯಾಯಿತೇ ಎಂದು ಪರೀಕ್ಷಿಸುವ ರೀತಿಯೇ ಪದ್ಧತಿಯ ಅತಿ ಸಡಿಲ ಕೊಂಡಿ. ಐದು ಗುಂಡು ಹಾರಿಸಿ, ಅತಿ ದೂರದ ಎರಡು ತೂತುಗಳ ಅಂತರ ಅಳೆದು, ಈ ಮದ್ದು ಆ ಮದ್ದಿಗಿಂತ ಮೇಲೆಂದು ಬರೆಯುವುದು ಸಾಮಾನ್ಯ. ಏನನ್ನೂ ಬದಲಿಸದೆ ಅದೇ ತೋಟಾವನ್ನು ಐದೈದಾಗಿ ಹಾರಿಸಿದರೂ ಒಂದು ಗುಂಪು ಇನ್ನೊಂದರ ಎರಡು ಪಟ್ಟು ಅಗಲ ಬರುವುದು ಅಸಹಜವಲ್ಲ. ಮೂರು ಗುಂಡಿನ ಗುಂಪುಗಳಂತೂ ಜಾತಕ ನೋಡಿದ ಹಾಗೆ. ಹಳೆಯ ದಾಖಲೆಗಳೂ ಈ ದೋಷದಿಂದ ಮುಕ್ತವಲ್ಲ. 1874ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನ ಕ್ರೀಡ್‌ಮೂರ್ ಮೈದಾನದಲ್ಲಿ ಶಾರ್ಪ್ಸ್ ಮತ್ತು ರೆಮಿಂಗ್ಟನ್ ಹಿಡಿದ ಅಮೆರಿಕನ್ನರು ನಳಿಗೆಯ ಬಾಯಿಂದ ತುಂಬುವ ರಿಗ್ಬಿ ರೈಫಲ್ಲಿನ ಐರಿಷ್ ತಂಡವನ್ನು 934–931ರಿಂದ ಸೋಲಿಸಿದರು. ಹಿಂದಿನಿಂದ ತುಂಬುವ ಬಂದೂಕಿನ ಶ್ರೇಷ್ಠತೆಗೆ ಇದನ್ನೇ ಸಾಕ್ಷಿಯೆಂದು ಹೇಳುತ್ತ ಬಂದಿದ್ದಾರೆ. ಐರಿಷ್ ತಂಡದ ಮಿಲ್ನರ್ ಒಂದು ಗುಂಡನ್ನು ಪಕ್ಕದ ಗುರಿಹಲಗೆಯ ನಡುಬಿಂದುವಿಗೆ ಹೊಡೆದಿದ್ದ. ನಡುಬಿಂದುವಿಗೆ ಆಗ 4 ಅಂಕ. ಸರಿಯಾದ ಹಲಗೆಗೆ ಬಿದ್ದಿದ್ದರೆ ಗೆಲುವು ಐರ್ಲೆಂಡಿನದು. ಆ ಪಂದ್ಯ ಸಾಬೀತುಮಾಡಿದ್ದು ಎರಡೂ ಬಗೆಯ ಬಂದೂಕುಗಳು ಹೆಚ್ಚುಕಡಿಮೆ ಸಮ ಎಂಬುದನ್ನು. ಅದೇ ವರ್ಷ ಟೆಕ್ಸಸ್ಸಿನ ಅಡೋಬ್ ವಾಲ್ಸ್‌ನಲ್ಲಿ ಬಿಲ್ಲಿ ಡಿಕ್ಸನ್ ಶಾರ್ಪ್ಸ್ ರೈಫಲ್ಲಿನಿಂದ ಬಹುದೂರಕ್ಕೆ ಹೊಡೆದ ಏಟಿನ ಕಥೆ ಇಂದಿಗೂ ಅಚ್ಚು ಮಾರುವವರಿಗೆ ನೆರವಾಗುತ್ತಿದೆ. ಅದು ಅದೃಷ್ಟದ ಏಟು ಎಂದು ಡಿಕ್ಸನ್ನೇ ಹೇಳಿಕೊಂಡಿದ್ದಾನೆ.

ಇವಕ್ಕಿಂತ ನಂಬಬಹುದಾದ ಪರೀಕ್ಷೆ ಲೋಹದ ಆಕೃತಿಗಳ ಸ್ಪರ್ಧೆ. 1985ರಿಂದ ಅಮೆರಿಕದ ರಾಷ್ಟ್ರೀಯ ರೈಫಲ್ ಸಂಘ ಕರಿಮದ್ದಿನ ತೋಟಾ ಬಂದೂಕುಗಳಿಗೆಂದೇ ನಡೆಸುವ ಇದರಲ್ಲಿ 200 ಮೀಟರಿನ ಕೋಳಿ, 300ರ ಹಂದಿ, 385ರ ಟರ್ಕಿ ಕೋಳಿ, 500ರ ಟಗರು ಎಲ್ಲವನ್ನೂ ಹೊಡೆದು ಬೀಳಿಸಬೇಕು. ತಾಗಿದರೆ ಸಾಲದು, ಉಕ್ಕಿನ ಟಗರು ಉರುಳಬೇಕು. ಅಲ್ಲಿ ಗೆಲ್ಲುವವರ ಪೆಟ್ಟಿಗೆಗಳಲ್ಲಿ ಕಾಣುವುದು 500ರ ಆಸುಪಾಸಿನ ಭಾರದ, ಮೆದು ಸೀಸ-ತವರದ, ಉದ್ದ ಮೂಗಿನ ಗುಂಡುಗಳೇ. ದಿನವಿಡೀ ಗಾಳಿ, ಬಿಸಿಲು, ಮಸಿಯ ನಡುವೆ ಡಜನುಗಟ್ಟಲೆ ಗುಂಡು ಹಾರಿಸಿ ಬಂದ ಈ ತೀರ್ಪು, ಮೇಜಿನ ಮೇಲಿನ ಐದು ತೂತುಗಳಿಗಿಂತ ಎಷ್ಟೋ ಗಟ್ಟಿ.

ಮುಂದಿನ ಕಷ್ಟವಿರುವುದು ಸೀಸದಲ್ಲೇ. ಅದರ ವಿಷ ಕರಗಿಸುವಾಗಿನ ಹೊಗೆಗಿಂತ ಹೆಚ್ಚಾಗಿ ಕಿಟ್ಟದ ಪುಡಿಯಿಂದ, ತೊಳೆಯದ ಕೈಯಿಂದ ಮೈ ಸೇರುತ್ತದೆ. ಅಗ್ಗದ ಲೋಹವೆಂದು ಎಲ್ಲರೂ ನೆಚ್ಚಿದ್ದ ಕಾರಿನ ಚಕ್ರದ ತೂಕದ ತುಂಡುಗಳು ಈಗ ಸತು, ಉಕ್ಕಿಗೆ ಬದಲಾಗುತ್ತಿವೆ. ಸತುವಿನ ಒಂದು ತುಂಡು ಬೆರೆತರೂ ಕುಲುಮೆಯ ಲೋಹ ಅಚ್ಚಿಗೆ ಹರಿಯದೆ ಕೆಡುತ್ತದೆ. ಸೀಸದ ಚೂರು ತಿಂದು ಸಾಯುತ್ತಿದ್ದ ಕಾಂಡೋರ್ ರಣಹದ್ದುಗಳನ್ನು ಉಳಿಸುವ ಯತ್ನದಿಂದ ಶುರುವಾದ ಕ್ಯಾಲಿಫೋರ್ನಿಯಾದ ನಿಷೇಧ 2019ರ ಜುಲೈನಿಂದ ಎಲ್ಲ ಬೇಟೆಗೂ ಅನ್ವಯಿಸುತ್ತದೆ. ಬದಲಿಯಾಗಿ ಬಂದ ತಾಮ್ರದ ಗುಂಡು ಈ ಬಂದೂಕುಗಳಿಗೆ ಸುಲಭವಾಗಿ ಒಗ್ಗದು. ತಾಮ್ರದ ಸಾಂದ್ರತೆ ಸೀಸಕ್ಕಿಂತ ಸುಮಾರು ಐದನೆಯ ಒಂದು ಪಾಲು ಕಡಿಮೆ. ಅದೇ ತೂಕಕ್ಕೆ ಗುಂಡು ಕಾಲು ಪಾಲು ಉದ್ದವಾಗುತ್ತದೆ, 22 ಇಂಚಿಗೊಂದು ಸುತ್ತಿನ ಹಳೆಯ ಸುರುಳಿ ಅದನ್ನು ಸ್ಥಿರಗೊಳಿಸಲಾರದು. ಉಬ್ಬಿಕೊಂಡು ಗೀರು ತುಂಬುವ ಗುಣವೂ ಅದಕ್ಕಿಲ್ಲವಾದ್ದರಿಂದ ಸವೆದ ನಳಿಗೆಯಲ್ಲಿ ಅದು ಸಡಿಲ. ಹಾಗಾಗಿ ಅಲ್ಲಿಯ ಬೇಟೆಗಾರ 250, 300 ಗ್ರೇನಿನ ಹಗುರ ತಾಮ್ರದ ಗುಂಡಿಗೆ, ಹೊಸ ನಳಿಗೆಗೆ ತಿರುಗಬೇಕಾಗಿದೆ. ಕಾಗದದ ಗುರಿ, ಉಕ್ಕಿನ ಆಕೃತಿಗಳ ಸ್ಪರ್ಧೆ ಆ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿ ಇನ್ನೂ ಸೀಸ-ತವರದ ಗುಂಡುಗಳೇ ಹಾರುತ್ತಿವೆ.